ನೆಟ್‌ವರ್ಕ್ ಮ್ಯಾನೇಜರ್‌ಗೆ ಭಂಡಾರ

ಹಾವೇರಿಯ ಬಸ್ಸಿಳಿದು ರಾಣೆಬೆನ್ನೂರಿನ ತಮ್ಮ ಮನೆಗೆ ಬಂದ ಮಾಲತೇಶಪ್ಪ ಮಾಸ್ತರು ಚಪ್ಪಲಿ ಬಿಡುವುದಕ್ಕೂ ಮೊದಲು ಘೋಷಣೆ ಮಾಡಿಬಿಟ್ಟರು.

"ಪುಷ್ಪಾ! ಇವತ್ತಿನಿಂದ ಈ ಮನ್ಯಾಗ ಕದ್ದ ಸಾಫ್ಟ್‌ವೇರ್ ಬಂದ್! ಇನ್ನ ಏನಿದ್ರೂ ಲಿನಕ್ಸ್! ವೈರಸ್ ಹತ್ತಂಗಿಲ್ಲ, ಕೆಡಂಗಿಲ್ಲ, ಯಾರ ಕಾಲೂ ಹಿಡೀಬೇಕಾಗಿಲ್ಲ!"

ಮಾಸ್ತರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ಹಾವೇರಿಯಲ್ಲಿ ನಡೆದ ಕಂಪ್ಯೂಟರ್ ತರಬೇತಿಯಲ್ಲಿ ಊಟದ ಜೊತೆಗೆ ಕಂಪ್ಯೂಟರ್ ನಡೆಸುವ ಉಚಿತ ಸಾಫ್ಟ್‌ವೇರ್ ಲಿನಕ್ಸಿನ ಒಂದು ಸಿ.ಡಿ.ಯನ್ನೂ ಪುಕ್ಕಟೆ ಕೊಟ್ಟಿದ್ದರು. ಊಟ ದಾರಿಯಲ್ಲೇ ಅರಗಿತು. ಸಿ.ಡಿ. ಮಾತ್ರ ತಲೆಗೇರಿತ್ತು!

ಹೆಸರುಕಾಳು ಆರಿಸುತ್ತಿದ್ದ ಅವರ ಹೆಂಡತಿ ಪುಷ್ಪಾವತಿ ಮೊರದಿಂದ ತಲೆ ಎತ್ತಿದರು. "ಏರಿಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಸೋಮವಾರ ಏರಿಸ್ರಿ. ನಾಳೆ ಸಂಜೀಕ ನಮ್ಮ ಯಲ್ಲೇಶನ ಮಗಳಿಗೆ ಹೆಸರಿಡೋದು ಐತಿ. ಅಲ್ಲೀತನಕ ಆ ಕಂಪ್ಯೂಟರ್ ಮುಟ್ಟಬ್ಯಾಡ್ರಿ, ನಿಮ್ಮ ಕೈ ಮುಗೀತೀನಿ."

ಈ ಕೈ ಮುಗಿಯುವುದರ ಹಿಂದೆ ಒಂದು ಕಥೆಯಿದೆ. ಪುಷ್ಪಾವತಿಯವರ ತವರು ಬ್ಯಾಡಗಿ. ತಾಯಿ ಮೈಲವ್ವ ಮೆಣಸಿನಕಾಯಿ ತೊಟ್ಟು ಬಿಡಿಸಲು ಅಡತಿ ಅಂಗಡಿಗೆ ಹೋದಾಗಲೆಲ್ಲ ತಮ್ಮ ಯಲ್ಲೇಶನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವರು ಇವರೇ. ಆ ತಮ್ಮ ಈಗ ನಾಗಪುರದಲ್ಲಿ ರೈಲ್ವೆ ನೌಕರ. ಮದುವೆಯಾಗಿ ಬಹಳ ವರ್ಷ ಮಕ್ಕಳಿಲ್ಲದೆ, ಹರಕೆ ಹೊತ್ತು, ಆಸ್ಪತ್ರೆ ಸುತ್ತಿ, ಕೊನೆಗೆ ಈಗ ಒಂದು ಹೆಣ್ಣು ಕೂಸು ಹುಟ್ಟಿದೆ. ಆ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಕೂಗಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಯಲ್ಲೇಶನಿಗೆ ಇರುವವಳು ಒಬ್ಬಳೇ ಅಕ್ಕ. ಹೆಸರನ್ನು ಪುಷ್ಪಾವತಿ ಯಾರಿಗೂ, ಗಂಡನಿಗೂ ಹೇಳದೆ ಮನಸ್ಸಿನಲ್ಲೇ ಇಟ್ಟುಕೊಂಡಿದ್ದರು.

ಆದರೆ ಅವರು ಆರೋಗ್ಯ ಇಲಾಖೆಯ ನರ್ಸ್, ಭಾನುವಾರ ಪಲ್ಸ್ ಪೋಲಿಯೋ. ಅಂಥ ದಿನ ರಜೆ ಕೇಳುವುದೂ ಒಂದೇ, ರಾಜೀನಾಮೆ ಕೊಡುವುದೂ ಒಂದೇ! ಹಾಗಾಗಿ ಇಂಟರ್‌ನೆಟ್ಟಿನಲ್ಲಿ ಮುಖ ನೋಡುತ್ತ ಹೆಸರಿಡುವುದೆಂದು ತೀರ್ಮಾನವಾಯಿತು. ಮೊಮ್ಮಗಳ ಆರೈಕೆಗೆಂದು ನಾಗಪುರಕ್ಕೆ ಹೋಗಿದ್ದ ಮೈಲವ್ವ ಇದಕ್ಕೆ ಒಪ್ಪಿದ್ದೇ ದೊಡ್ಡದು. ಒಪ್ಪುವಾಗ ಒಂದು ಷರತ್ತನ್ನೂ ಹಾಕಿದ್ದರು.

"ಬರೇ ಫೋನಾಗ ಹೆಸರಿಡಾಕ ಇದೇನು ಗ್ಯಾಸ್ ಸಿಲಿಂಡರ್ ಬುಕ್ ಮಾಡೋದೇನವ್ವ? ಅತ್ತಿ ಕೂಸಿನ ಮಾರಿ ನೋಡಬೇಕು, ಕೂಸು ಅತ್ತಿ ಮಾರಿ ನೋಡಬೇಕು. ಅದು ಆಗಲಿಲ್ಲಂದ್ರ ಇಲ್ಲೇ ಅರುಣಾ ಅದಾಳ, ಆಕಿ ಇಡ್ತಾಳ."

ಅರುಣಾ ಎಂದರೆ ಚಿಕ್ಕಪ್ಪನ ಮಗಳು, ನಾಗಪುರಕ್ಕೇ ಕೊಟ್ಟವಳು. ಹೊಸ ಇಳಕಲ್ ಸೀರೆ ತೆಗೆದಿಟ್ಟುಕೊಂಡು ತುದಿಗಾಲಲ್ಲಿ ನಿಂತಿದ್ದಳು.

ಇಷ್ಟೆಲ್ಲ ಗೊತ್ತಿದ್ದೂ ಮಾಸ್ತರು ಎದೆ ಉಬ್ಬಿಸಿದರು. "ಅದಕ್ಕ ಹೇಳಾಕತ್ತೇನಿ! ಶುಭಕಾರ್ಯಕ್ಕ ಕದ್ದ ಮಾಲು ಶೋಭಸ್ತೈತೇನು? ಅಂಜಬ್ಯಾಡ, ನಾನು ವಿಜ್ಞಾನದ ಮಾಸ್ತರ್ ಅದೀನಿ!"

"ಅದ ಅಂಜಿಕಿ ನನಗ," ಎಂದು ಪುಷ್ಪಾವತಿ ಮತ್ತೆ ಕಾಳಿಗೆ ಕೈ ಹಾಕಿದರು.

ಆದರೆ ಏನು ಹೇಳುತ್ತೀರಿ! ಸಂಜೆಯ ಹೊತ್ತಿಗೆ ಲಿನಕ್ಸ್ ಕೂತಿತು. ನೆಟ್ ಬಂತು. ಪ್ರಯೋಗಕ್ಕೆಂದು ನಾಗಪುರಕ್ಕೆ ಕರೆ ಹೋಯಿತು, ತೆರೆಯ ಮೇಲೆ ಮೈಲವ್ವನ ಮೂಗುತಿ ಫಳಕ್ಕೆಂದಿತು. ಪುಷ್ಪಾವತಿ, "ಪರವಾಗಿಲ್ಲ, ಬೆರಿಕಿ ಅದೀರಿ," ಎಂದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಇಂಥ ಮೆಚ್ಚುಗೆಯ ಮಾತು ಮಾಸ್ತರರ ಕಿವಿಗೆ ಬಿದ್ದದ್ದು ಕಡಿಮೆ. ಅಲ್ಲಿಗೇ ಕೈ ತೊಳೆದುಕೊಂಡು ಸುಮ್ಮನಿದ್ದಿದ್ದರೆ ಈ ಬರಹಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ಭಾನುವಾರ ಮುಂಜಾನೆ ಪುಷ್ಪಾವತಿ ಲಸಿಕೆಯ ಐಸ್ ಡಬ್ಬಿ ಹೆಗಲಿಗೇರಿಸಿ ಹೊರಟರು. ಸ್ನಾನ ಮುಗಿಸಿ ಬಂದ ಮಾಸ್ತರರಿಗೆ ಕಂಪ್ಯೂಟರ್ ನೋಡಿ ಮನಸ್ಸು ಚುಳುಕ್ಕೆಂದಿತು. ಅವರ ಮನೆದೇವರು ದೇವರಗುಡ್ಡದ ಮಾಲತೇಶ. ಆ ಮನೆಗೆ ಮಿಕ್ಸರ್ ಬಂದಾಗಲೂ, ಲೂನಾ ಬಂದಾಗಲೂ ಮೊದಲು ದೇವರ ಭಂಡಾರ, ಆಮೇಲೆ ಕೆಲಸ. ಭಂಡಾರವೆಂದರೆ ಬೇರೇನಲ್ಲ, ಗುಡ್ಡದಿಂದ ತಂದ ಅರಿಷಿಣದ ಪುಡಿ. ಇಷ್ಟು ದೊಡ್ಡ ಲಿನಕ್ಸ್ ಮನೆಗೆ ಬಂದಿದೆ, ಸಂಜೆ ಇದರಲ್ಲೇ ಶುಭಕಾರ್ಯ ನಡೆಯಬೇಕಿದೆ, ಒಂದು ಚಿಟಿಕೆ ಭಂಡಾರವೂ ಬಿದ್ದಿಲ್ಲವೆಂದರೆ?

ಸರಿ, ವೈರುಗಳನ್ನೆಲ್ಲ ಕಿತ್ತರು. ಹಸಿ ಅರಿವೆಯಿಂದ ಕಂಪ್ಯೂಟರಿನ ಡಬ್ಬಿಯನ್ನು ಹಿಂದೆ ಮುಂದೆ ಒರೆಸಿದರು. "ಏಳುಕೋಟಿಗೋ!" ಎಂದು ಕೂಗಿ ಭಂಡಾರ ಎರಚಿದರು. ಶಾಲೆಯ ಪ್ರಯೋಗದಲ್ಲಿ ಚಿಟಿಕೆ ಎಂದರೆ ಚಿಟಿಕೆಯನ್ನೇ ಹಾಕುವ ಮನುಷ್ಯ. ದೇವರ ವಿಷಯ ಬಂದರೆ ಕೈ ಉದಾರ! ಮುಂದೆ ಒಂದು ಹಿಡಿ ಹಾಕಿದರು. ನೆಟ್ ಒಳಗೆ ಬರುವುದು ಹಿಂದಿನಿಂದಲ್ಲವೇ ಎಂದು ಹಿಂದೆ ಎರಡು ಹಿಡಿ ಹಾಕಿ, ವೈರುಗಳನ್ನು ಒತ್ತಿ ಒತ್ತಿ ಸಿಕ್ಕಿಸಿದರು.

ಕಂಪ್ಯೂಟರ್ ಶುರುವಾಯಿತು. ಮೇಲಿನ ಮೂಲೆಯಲ್ಲಿ, ಗಡಿಯಾರದ ಪಕ್ಕದಲ್ಲಿ ನೆಟ್ಟಿನ ಗುರುತಿತ್ತು. ಅದರ ಮೇಲೊಂದು ಕೆಂಪು ಕಾಟು!

ಲಿನಕ್ಸಿನಲ್ಲಿ ಕಂಪ್ಯೂಟರನ್ನು ನೆಟ್ಟಿಗೆ ಜೋಡಿಸುವ ಕೆಲಸ 'ನೆಟ್‌ವರ್ಕ್ ಮ್ಯಾನೇಜರ್' ಎಂಬ ಸಾಫ್ಟ್‌ವೇರಿನದು. ಮಾಸ್ತರು ಅದನ್ನು ಒತ್ತಿ ನೋಡಿದರು. 'ಕೇಬಲ್ ಜೋಡಿಸಿಲ್ಲ' ಎಂದಿತು ಮ್ಯಾನೇಜರ್. ಮಾಸ್ತರು ಕೇಬಲ್ ಜಗ್ಗಿ ನೋಡಿದರು, ಗಟ್ಟಿಯಾಗಿಯೇ ಇತ್ತು.

"ಇಲ್ಲೇ ಐತಲ್ಲಪ್ಪ ಕೇಬಲ್! ಕಣ್ಣು ಕುರುಡೇನು ನಿಂದು?" ಎಂದು ಗದರಿದರು. ಆರಿಸಿ ಹಚ್ಚಿದರು. ಹಚ್ಚಿ ಆರಿಸಿದರು. ಮ್ಯಾನೇಜರ್ ಮಾತು ಬದಲಿಸಲಿಲ್ಲ. ಇದಕ್ಕೆ ಸುಳ್ಳು ಹೇಳುವ ಚಟವಿದೆ ಎಂದು ಮಾಸ್ತರು ತೀರ್ಪು ಕೊಟ್ಟುಬಿಟ್ಟರು. ಆ ಮನೆಯಲ್ಲಿ ಆ ದಿನ ಖರೇ ಮಾತಾಡುತ್ತಿದ್ದದ್ದು ಅದೊಂದೇ! ಯಾಕೆಂದರೆ ಅಷ್ಟರಲ್ಲಿ ಬೂತಿನಿಂದ ಪುಷ್ಪಾವತಿಯ ಫೋನ್ ಬಂತು.

"ಏನ್ರೀ, ನೆಟ್ ಐತಿಲ್ರಿ?"

"ಐತಿ ಐತಿ! ಜಗ್ಗಿ ಐತಿ! ನೀ ಆರಾಮ್ ಹನಿ ಹಾಕು," ಎಂದು ಫೋನಿಟ್ಟು, ಲೂನಾ ಹತ್ತಿ ಬಸ್‌ಸ್ಟ್ಯಾಂಡ್ ಹತ್ತಿರದ ರಫೀಕನ ಸೈಬರ್ ಕೆಫೆಗೆ ಹಾರಿದರು.

"ಏನ್ ಅರ್ಜೆಂಟ್ ಐತ್ರಿ ಮಾಸ್ತರ್ರ?" ರಫೀಕ್ ಕೇಳಿದ.

"ಮನ್ಯಾಗ ನೆಟ್ ಬರಬೇಕಪ್ಪ. ಸಂಜೀಕ ನಾಗಪುರಕ್ಕ ವಿಡಿಯೋ ಮಾಡೋದು ಐತಿ. ಭಾಳ ಅರ್ಜೆಂಟ್!" ಎಂದು ಕ್ಯಾಬಿನ್ನಿನಲ್ಲಿ ಕೂತು, ಲಿನಕ್ಸಿನವರು ಕಷ್ಟಸುಖ ಹೇಳಿಕೊಳ್ಳುವ ಜಾಲತಾಣದಲ್ಲಿ ತಮ್ಮ ಕಷ್ಟ ಬರೆದರು. ಭಂಡಾರದ ವಿಷಯ ಬರೆಯಲಿಲ್ಲ, ಅದು ಕಷ್ಟದ ಲೆಕ್ಕದಲ್ಲೇ ಇರಲಿಲ್ಲವಲ್ಲ! ಜಗತ್ತಿನ ಯಾವುದೋ ಮೂಲೆಯಿಂದ ಒಬ್ಬ ಪುಣ್ಯಾತ್ಮ ಉತ್ತರಿಸಿದ: ಆ ಮ್ಯಾನೇಜರನ್ನು ಕಿತ್ತು ಹಾಕಿ ಹೊಸದಾಗಿ ಹಾಕಿಕೊಳ್ಳಿ.

ಮಾಸ್ತರು ಮನೆಗೆ ಹಾರಿದರು. ಮ್ಯಾನೇಜರನ್ನು ಬೇರುಸಹಿತ ಕಿತ್ತರು. ಕೆಂಪು ಕಾಟು ಮಾಯವಾಯಿತು, ಅದು ಕೂತಿದ್ದ ಗುರುತೂ ಮಾಯವಾಯಿತು. ಹೊಸದನ್ನು ಹಾಕಲು ಹೋದರೆ ಕಂಪ್ಯೂಟರ್ ವಿನಯದಿಂದ ಹೇಳಿತು: ಮೊದಲು ಇಂಟರ್‌ನೆಟ್ಟಿಗೆ ಸಂಪರ್ಕ ಹೊಂದಿರಿ.

ನೆಟ್ ಬರಲು ಮ್ಯಾನೇಜರ್ ಬೇಕು. ಮ್ಯಾನೇಜರ್ ಬರಲು ನೆಟ್ ಬೇಕು! ಮಾಸ್ತರು ತಲೆ ಮೇಲೆ ಕೈ ಹೊತ್ತು ಕೂತರು. ಅಷ್ಟಕ್ಕೇ ಬಿಟ್ಟರೆ ಅವರು ಮಾಲತೇಶಪ್ಪ ಹೇಗಾದಾರು? ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಮತ್ತೆ ಕೆಫೆಗೆ ಓಡಿ ಮ್ಯಾನೇಜರನ್ನು ಹೊತ್ತು ತಂದರು. ಮನೆಗೆ ಬಂದ ಮ್ಯಾನೇಜರ್, 'ನನ್ನ ಜೊತೆ ಇನ್ನೊಂದು ಫೈಲ್ ಬರದೆ ನಾನು ಕೂರುವುದಿಲ್ಲ' ಎಂದಿತು. ಅದನ್ನು ತಂದರೆ ಅದಕ್ಕೆ ಮತ್ತೊಂದು ಬೇಕಂತೆ. ಬೀಗರನ್ನು ಊಟಕ್ಕೆ ಕರೆದರೆ ಬೀಗರ ಬೀಗರೂ ಬಂದು ಪಂಕ್ತಿಯಲ್ಲಿ ಕೂತಂತಾಯಿತು. ಒಂದೊಂದು ಫೈಲಿಗೂ ಒಂದೊಂದು ಸವಾರಿ! ಲೂನಾ ಕೆಮ್ಮತೊಡಗಿತು. ಊಟದ ನೆನಪೂ ಇಲ್ಲದೆ ಮಾಸ್ತರರ ಮುಖ ಬಾಡಿತು. ಕೊನೆಯ ಸವಾರಿಯಲ್ಲಿ ರಫೀಕನೇ ಕನಿಕರಪಟ್ಟು, "ಮಾಸ್ತರ್ರ, ಒಂದು ಚಹಾ ಆದ್ರೂ ಕುಡೀರಿ," ಎಂದ. ಕುಡಿಯಲು ಹೊತ್ತೆಲ್ಲಿದೆ?

ಸಂಜೆ ಪುಷ್ಪಾವತಿ ಬಂದವರು ಸೀದಾ ಬಚ್ಚಲಿಗೆ ಹೋದರು. ಮುಖ ತೊಳೆದು, ಮದುವೆಯ ರೇಷ್ಮೆ ಸೀರೆ ಉಟ್ಟು, ಮುಡಿ ತುಂಬ ಕನಕಾಂಬರ ಮುಡಿದು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಇಡೀ ದಿನ ಬಿಸಿಲಲ್ಲಿ ನಿಂತು ಬಂದರೂ ಆ ಮುಖದಲ್ಲಿ ದಣಿವಿರಲಿಲ್ಲ.

"ಹಚ್ಚರಿ," ಎಂದರು ಪುಷ್ಪಾವತಿ.

"ಅದು... ಪುಷ್ಪಾ... ಮ್ಯಾನೇಜರ್ ಇಲ್ಲ."

"ಎಲ್ಲಿ ಹೋಗ್ಯಾನ?"

"ನಾನ ತಗದುಹಾಕಿನಿ."

ಪುಷ್ಪಾವತಿ ಎದ್ದು ಡಬ್ಬಿಯ ಹಿಂದೆ ಬಗ್ಗಿದರು. "ಇದೇನ್ರೀ ಇದು? ಹಿಂದೆಲ್ಲ ಅರಿಷಿಣ! ಇದಕ್ಕೇನು ಮದುವಿ ಮಾಡಾಕತ್ತಿದ್ರೇನು?"

"ಭಂಡಾರ. ದೇವರಗುಡ್ಡದ್ದು."

ಅವರು ನೆಟ್ಟಿನ ಕೇಬಲ್ ಎಳೆದರು. ತೂತಿನಿಂದ ಹಸಿ ಅರಿಷಿಣದ ಒಂದು ಉಂಡೆಯೇ ಉದುರಿತು. ಹತ್ತಿ ಸುತ್ತಿದ ಕಡ್ಡಿಯಿಂದ ಒಳಗೆಲ್ಲ ಒರೆಸಿ, ಊದಿ, ಮತ್ತೆ ಸಿಕ್ಕಿಸಿದರು. ಮಿಣಿಮಿಣಿ ಹಸಿರು ದೀಪ ಹತ್ತಿತು! ಮಾಸ್ತರು ಕುಣಿದಾಡಿದರು. ಮರುಕ್ಷಣವೇ ತೆಪ್ಪಗಾದರು. ಈಗ ಬಾಗಿಲಿಗೆ ನೆಟ್ ಬಂದು ನಿಂತಿತ್ತು, ಬರಮಾಡಿಕೊಳ್ಳಬೇಕಾದ ಮ್ಯಾನೇಜರನ್ನು ಇವರೇ ಓಡಿಸಿದ್ದರು.

"ಮುಂಜಾನಿಂದ ಕೇಬಲ್ ಇಲ್ಲ ಕೇಬಲ್ ಇಲ್ಲ ಅಂತ ಬಡಕೊಂತಿತ್ತು," ಎಂದರು ಮಾಸ್ತರು ಸಣ್ಣ ದನಿಯಲ್ಲಿ. "ನಾನ ಕೇಳಲಿಲ್ಲ."

"ನನ್ನ ಮಾತ ಕೇಳಲಿಲ್ಲ, ಅದರದ್ದು ಕೇಳ್ತೀರೇನು? ಇಡೀ ಓಣಿ ಹುಡುಗರ ಬಾಯಾಗ ಎರಡೆರಡು ಹನಿ ಹಾಕಿ ಬಂದೇನಿ ನಾನು. ಕಚ್ಚೋವು, ಒದಿಯೋವು, ಓಡಿ ಹೋಗೋವು, ಎಲ್ಲಾ ಇದ್ವು. ನಿಮಗ ಒಂದು ಡಬ್ಬಿ ಬಾಯಾಗ ಒಂದು ವೈರ್ ಹಾಕಾಕ ಆಗಲಿಲ್ಲೇನು?"

ಫೋನ್ ಬಡಿಯಿತು. ನಾಗಪುರದಿಂದ ಅರುಣಾ. "ಅಕ್ಕಾ, ನೀ ಕಾಣವಲ್ಲೆ. ಹೊತ್ತು ಮೀರಾಕತ್ತೇತಿ ಅಂತ ದೊಡ್ಡವ್ವ ಅನ್ನಾಕತ್ಯಾಳ. ನಾ ಕುರ್ರ್ ಅಂದುಬಿಡ್ಲೇನು? ಹೆಸರ ಏನಿಟ್ಟೀ ಹೇಳು."

ಪುಷ್ಪಾವತಿ ಹೆಸರು ಹೇಳಲಿಲ್ಲ. "ಸ್ವಲ್ಪ ತಡೀರಿ," ಎಂದು ಫೋನಿಟ್ಟರು. ಕಣ್ಣು ತುಂಬಿ ಬಂದಿದ್ದವು. ಇಷ್ಟು ಹೊತ್ತು ಬೈದದ್ದನ್ನು ಮಾಸ್ತರು ಹೇಗೋ ತಡೆದುಕೊಂಡಿದ್ದರು. ಆ ಕಣ್ಣೀರು ತಡೆಯಲಾಗಲಿಲ್ಲ.

"ಪುಷ್ಪಾ, ಅಳಬ್ಯಾಡ. ಇನ್ನ ಒಂದ ಫೈಲ್ ಐತಿ. ರಫೀಕನ ಅಂಗಡಿಗೆ ಹೋಗಿ ಲಗೂನ ತಂದುಬಿಡ್ತೀನಿ. ಈಗ ಹೋಗಿ ಈಗ ಬರ್ತೀನಿ!"

ಪುಷ್ಪಾವತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದವರು ಹಾಗೇ ನಿಂತರು. "ರಫೀಕನ ಅಂಗಡ್ಯಾಗ ನೆಟ್ ಐತೇನು?"

"ಏನ್ ಕೇಳ್ತೀ! ನಮ್ಮದಕ್ಕಿಂತ ಭಾಳ ಜೋರು ಐತಿ."

"ಕ್ಯಾಮೆರಾ?"

"ಒಂದೊಂದು ಕ್ಯಾಬಿನ್ನಿಗೂ ಒಂದೊಂದು ಐತಿ. ಹೊಸಾವು!"

"ಮೈಕು?"

"ಮೈಕೂ ಐ..." ಮಾಸ್ತರರ ಬಾಯಿ ತೆರೆದದ್ದು ತೆರೆದೇ ಉಳಿಯಿತು.



"ಮುಂಜಾನಿಂದ," ಪುಷ್ಪಾವತಿ ಒಂದೊಂದೇ ಶಬ್ದ ಇಳಿಸಿದರು, "ನೆಟ್ ಇದ್ದಲ್ಲಿಗೆ ಹೋಗಿ, ಅಲ್ಲಿ ಕುಂತು, ನೆಟ್ ಇಲ್ಲ ಅಂತ ಅತ್ತು ಬಂದೀರೇನ್ರಿ?"

ಉತ್ತರಕ್ಕೆ ಕಾಯದೆ ಅವರು ಹೊರಗೋಡಿ ಲೂನಾದ ಹಿಂದೆ ಕೂತಿದ್ದರು. ಆ ದಿನ ಪಾಪದ ಲೂನಾ ರೇಷ್ಮೆ ಸೀರೆಯನ್ನು ಹೊತ್ತು ಓಡಿದ ಓಟವನ್ನು ಸ್ಟೇಶನ್ ರೋಡಿನವರು ಬಹಳ ದಿನ ಆಡಿಕೊಂಡರು.

ರಫೀಕ್ ತಡಮಾಡಲಿಲ್ಲ. ಎಲ್ಲಕ್ಕಿಂತ ದೊಡ್ಡ ಪರದೆಯ ಮುಂದೆ ಕೂರಿಸಿ ಕರೆ ಹಚ್ಚಿಕೊಟ್ಟ. ತೊಟ್ಟಿಲು ಕಂಡಿತು, ಮೈಲವ್ವ ಕಂಡರು, ಹೊಸ ಇಳಕಲ್ ಸೀರೆಯ ಅರುಣಾ ಆಗಲೇ ತೊಟ್ಟಿಲಿಗೆ ಬಗ್ಗಿದ್ದಳು!

"ಏಯ್, ಸರಿ ಅತ್ತಾಗ!" ಪುಷ್ಪಾವತಿಯ ಕೂಗಿಗೆ ಅಕ್ಕಪಕ್ಕದ ಕ್ಯಾಬಿನ್ನಿನವರೆಲ್ಲ ಎದ್ದು ನಿಂತರು. ಯಲ್ಲೇಶ ನಗುತ್ತ ಕ್ಯಾಮೆರಾವನ್ನೂ ಸ್ಪೀಕರನ್ನೂ ತೊಟ್ಟಿಲ ಹತ್ತಿರ ಹಿಡಿದ. ಕೆಂಪನೆಯ ಪುಟ್ಟ ಮುಖವೊಂದು ಪರದೆಯ ತುಂಬ ಬಂತು.

ಪುಷ್ಪಾವತಿ ಮೈಕಿಗೆ ಬಾಯಿ ಹಚ್ಚಿದರು. "ಕುರ್ರ್... ಇಂಚರಾ. ಕುರ್ರ್... ಇಂಚರಾ. ಕುರ್ರ್... ನಮ್ಮವ್ವಾ, ಇಂಚರಾ!" ಕೂಸು ದನಿ ಬಂದತ್ತ ಮುಖ ತಿರುಗಿಸಿ ಬಾಯಿ ಚಪ್ಪರಿಸಿತು. ಮಾಸ್ತರು ಹಿಂದೆ ನಿಂತು ನೋಡುತ್ತಿದ್ದರು. ಹೆಂಡತಿಯ ಪಾಲಿನ ಇಂಥ ಗಳಿಗೆಯನ್ನು ತಮ್ಮ ಜಾಣತನದಿಂದ ಕಳೆದೇಬಿಡುತ್ತಿದ್ದರಲ್ಲ! ಅವರಿಗೂ ಕಣ್ಣು ಮಂಜಾದವು.

ಅಷ್ಟರಲ್ಲಿ ಪರದೆಯಿಂದ ಮೈಲವ್ವನ ದನಿ ಬಂತು. "ಪುಷ್ಪಾ, ಬೆನ್ನಿಗೆ ಗುದ್ದು ಎಲ್ಲೈತವ್ವ? ಗುದ್ದದ ಹೋದ್ರ ಹೆಸರು ನಿಂದ್ರಂಗಿಲ್ಲ!"

ಅದೂ ಖರೇ. ಅತ್ತೆ ಹೆಸರು ಕೂಗಿದ ಕೂಡಲೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು, ಅಲ್ಲಿಗೇ ಶಾಸ್ತ್ರ ಮುಗಿಯುವುದು. ಅಂಗಡಿಯ ಹಿಂದೆಯೇ ರಫೀಕನ ಮನೆ. ಗದ್ದಲ ಕೇಳಿ ಅವನ ತಾಯಿ ಜೈತೂನಬಿ ಬಂದು ನಿಂತಿದ್ದರು. "ನಾವಿಲ್ಲೇನ್ರಿ ಸಿಸ್ಟರ್!" ಎಂದು ತೋಳೇರಿಸಿದರು. ಪುಷ್ಪಾವತಿ ಅವರ ಕೈ ಹಿಡಿದು ತಡೆದರು.

"ಇಡೀ ದಿನ ಡಬ್ಬಿ ಹೊತ್ತು ನನ್ನ ಬೆನ್ನು ಹಣ್ಣಾಗೇತ್ರಿ. ಇವತ್ತಿನ ಮಟ್ಟಿಗೆ ಬೆನ್ನು ಬದಲಿ ಕೊಡ್ತೀನಿ," ಎನ್ನುತ್ತ ಗಂಡನ ಭುಜ ಹಿಡಿದು ಕ್ಯಾಮೆರಾದ ಮುಂದೆ ಬಗ್ಗಿಸಿದರು. ಮಾಸ್ತರು ಸೊಂಟಕ್ಕೆ ಕೈ ಕೊಟ್ಟು ತಾವೇ ಇನ್ನಷ್ಟು ಬಗ್ಗಿದರು. ಹೊಲದ ಕೆಲಸ ಮಾಡಿ ಬೆಳೆದ ಜೈತೂನಬಿಯ ಕೈ ಮೇಲೆದ್ದು ಕೆಳಗಿಳಿಯಿತು.

ಧಡ್!

"ಅಯ್ಯೋ ಮಾಲತೇಶಾ!"

ನಾಗಪುರದಲ್ಲಿ ಮೈಲವ್ವ ಚಪ್ಪಾಳೆ ತಟ್ಟಿದರು. "ಅಳಿಯಂದಿರ, ಭಾಳ ಚೊಲೋ ಕೇಳಸಾಕತ್ತೇತ್ರಿ! ಲೈನ್ ಹಿಂಗ ಇರಲಿ... ಏನವ್ವಾ ತಂಗಿ, ಇನ್ನೆರಡು ಹಾಕು!"