ಕಾಕಾನ ಕೆಂಪೆಣ್ಣೆಯ ಕಾರು

ಇಳಕಲ್ಲಿನಲ್ಲಿ ನಮ್ಮ ಕಾಕಾ ಎಲ್ಲಿದ್ದಾನೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ರಸ್ತೆಯ ಮೇಲಿನ ಕೆಂಪು ಹನಿಗಳನ್ನು ಹಿಡಿದು ಹೋದರೆ ಸಾಕು, ಕೊನೆಯಲ್ಲೊಂದು ಕಾರು, ಅದರ ಕೆಳಗಿಂದ ಎರಡು ಕಾಲು! ಆ ಕಾಲುಗಳೇ ಕಾಕಾ. ಎಪ್ಪತ್ತರ ದಶಕದಲ್ಲಿ ಊರಿನ ಅರ್ಧ ಜನ ಅವನ ಮುಖವನ್ನೇ ನೋಡಿರಲಿಲ್ಲ ಎಂದರೆ ನೀವು ನಂಬಬೇಕು.

ನೂಲಿನ ಅಂಗಡಿಯ ಈ ಮನುಷ್ಯ ಸೊಲ್ಲಾಪುರದಿಂದ ಒಂದು ಹಳೆಯ ಅಮೆರಿಕನ್ ಕಾರು ತಂದಿದ್ದ. ಅದಕ್ಕೆ ಕ್ಲಚ್ಚೇ ಇಲ್ಲ. ಗೇರು ತಾನಾಗಿಯೇ ಬದಲಾಗುತ್ತಿತ್ತು. ಗೇರ್ ಬಾಕ್ಸಿನ ಕೆಂಪು ಎಣ್ಣೆ ಕಾದಾಗ, ಬೆರಳು ದಪ್ಪದ ಪೈಪಿನಲ್ಲಿ ಮುಂದಿನ ರೇಡಿಯೇಟರಿಗೆ ಹೋಗಿ, ತಣ್ಣಗಾಗಿ ಮರಳಬೇಕು. ಹೋಗುವುದೇನೋ ಹೋಗುತ್ತಿತ್ತು. ಮರಳುವ ಮನಸ್ಸು ಅದಕ್ಕಿರಲಿಲ್ಲ!

ಈ ಕಾರನ್ನೇ ನಂಬಿ ಅವನ ಹೆಂಡತಿ, ನಮ್ಮ ಕಾಕೂ, ಕುಳಿತಿದ್ದಳು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಅವಳ ಎಡಗಾಲಿಗೆ ಬಲವಿಲ್ಲ. ಬಸ್ಸು ಹತ್ತಲು ಯಾರಾದರೂ ಎತ್ತಬೇಕು. ಎತ್ತಿಸಿಕೊಳ್ಳಲು ಅವಳು ಒಪ್ಪಳು. ಹೀಗಾಗಿ ಚೊಳಚಗುಡ್ಡದ ತವರಿನಲ್ಲಿ ತಮ್ಮನ ಎರಡು ಮಕ್ಕಳನ್ನು ತೊಟ್ಟಿಲಿಗೆ ಹಾಕಿದಾಗ, ಸೋದರತ್ತೆಯಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿ, ಹೆಂಗಸರಿಂದ ಬೆನ್ನಿಗೆ ಗುದ್ದು ತಿನ್ನುವ ಭಾಗ್ಯ ಬೇರೆಯವರ ಪಾಲಾಗಿತ್ತು. ಈಗ ಮೂರನೆಯದು ಹುಟ್ಟಿತ್ತು. "ಈ ಸಲ ಗುದ್ದು ನಿನಗ," ಎಂದು ಕಾಕಾ ಮಾತು ಕೊಟ್ಟಿದ್ದ. ಹದಿಮೂರನೆಯ ದಿನಕ್ಕೆ ತೊಟ್ಟಿಲು.

ಮೊದಲು ಕಾಕಾ ಸೋರುವ ಪೈಪಿನ ತೂತಿಗೆ ಸೈಕಲ್ ಟ್ಯೂಬು ಸುತ್ತಿ, ಮೇಲೆ ಅಂಗಡಿಯ ರೇಷ್ಮೆ ನೂಲು ಬಿಗಿದ. ಕಾಕೂ ಬಾಗಿ ನೋಡಿ, "ನನಗೊಂದ ಸೀರಿ ತರ್ರಿ ಅಂದ್ರ ಕಾರಿಗೆ ಉಡ್ಸೀರೇನ್ರಿ?" ಎಂದಳು. ಸಂತೆಪೇಟೆ ದಾಟುವುದರೊಳಗೆ ಬಿಸಿ ಎಣ್ಣೆಗೆ ಟ್ಯೂಬು ಮೆತ್ತಗಾಗಿ ಕಳಚಿ ಬಿತ್ತು. ಆಮೇಲೆ ಗ್ಯಾಸ್ ವೆಲ್ಡಿಂಗ್. ಸೂಜಿ ಹೋಗುವಷ್ಟಿದ್ದ ತೂತಿನಲ್ಲಿ ಈಗ ಕಡಲೆಕಾಳು ಹೋಗುತ್ತಿತ್ತು!

ಹುನಗುಂದದ ಮಿಸ್ತ್ರಿ ತಲೆ ಕೆರೆದುಕೊಂಡ. "ಸಾವ್ಕಾರ್ರ, ಈ ಗೇರ್ ಬಾಕ್ಸ್ ತಗದ ಒಗೀರಿ. ಕ್ಲಚ್ಚಿಂದು ಹಾಕಿ ಕೊಡ್ತೇನಿ. ಮತ್ತ ಒಂದ ಹನಿ ಬಿದ್ರ ಕೇಳ್ರಿ."

"ನಿನ್ನ ತಲಿ ತಗದ ಬ್ಯಾರೇದು ಕೂಡಸ್ಲೇನಲೇ?" ಎಂದ ಕಾಕಾ.

ನಾನು ಇಳಕಲ್ಲಿನ ಶಾಲೆಯಲ್ಲಿ ಮಾಸ್ತರ. ಬುದ್ಧಿ ಹೇಳುವುದು ನನ್ನ ಚಟ. "ಕಾಕಾ, ಅಂವ ಹೇಳೂದು ಖರೆ ಐತಿ," ಎಂದೆ.

"ನಿನ್ನ ಬುದ್ಧಿ ಸಾಲ್ಯಾಗ ಹೇಳ ಹೋಗ, ಮಾಸ್ತರ!"

ಕಡೆಗೆ ಇಳಕಲ್ಲಿನ ಕಲ್ಲಿನ ಖಣಿಗೆ ಹೋಗಿ, ಅಲ್ಲಿನ ಯಂತ್ರಕ್ಕೆ ಹಾಕುವ, ಎಣ್ಣೆಗೆ ಜಗ್ಗದ ಗಟ್ಟಿ ರಬ್ಬರ್ ಪೈಪು ಒಂದು ಗೇಣು ಬೇಡಿ ತಂದ. ಹಾಳಾದ ಭಾಗ ಕತ್ತರಿಸಿ, ಅದನ್ನು ಸಿಕ್ಕಿಸಿ, ಎರಡೂ ತುದಿಗೆ ಕ್ಲಿಪ್ಪು ಬಿಗಿದ. ಎಂದಿನಂತೆ ದಿನಾ ಮುಂಜಾನೆ ಕಾಕೂನನ್ನು ಕೂಡಿಸಿಕೊಂಡು ಒಂದು ಸುತ್ತು ಹೋಗಿ ಬಂದರೂ, ಕಾರಿನ ಕೆಳಗೆ ಹಾಸಿದ ಹಾಳೆ ಮೂರು ದಿನ ಬೆಳ್ಳಗೇ ಇತ್ತು. ಕಾಕಾ ಮಾತ್ರ ಸಂಶಯದಿಂದ ಅದನ್ನು ಮೂಸಿ ನೋಡುತ್ತಿದ್ದ.

ಹದಿಮೂರನೆಯ ದಿನ ಹೊರಟೆವು. ಹಿಂದಿನ ಸೀಟಿನಲ್ಲಿ ನಾನು ಮತ್ತು ಎಣ್ಣೆಯ ಡಬ್ಬಿಗಳು. ಬಾದಾಮಿ ದಾಟುತ್ತಲೇ ಕಾಕಾ ಗಕ್ಕನೆ ನಿಲ್ಲಿಸಿದ. ಮತ್ತೆ ಸೋರಿತೆಂದು ನಾನು ಡಬ್ಬಿ ಎತ್ತಿಕೊಂಡೆ. ಕಾಕಾ ಇಳಿದು, ಸುತ್ತಿ ಬಂದು ಕಾಕೂನ ಕಡೆಯ ಬಾಗಿಲು ತೆರೆದ. ಕಾಕೂ ಸೆರಗು ಸಿಕ್ಕಿಸಿ, ಸೀಟಿನ ಮೇಲೆಯೇ ಸರಿದು ಹೋಗಿ ಸ್ಟೇರಿಂಗ್ ಹಿಡಿದಳು!

"ಕಾಕಾ! ಕಾಕೂ ಗಾಡಿ ಹೊಡೀತಾಳೇನು?"

"ದಿನಾ ಮುಂಜಾನಿ ನಾವಿಬ್ರೂ ಎಲ್ಲಿ ಹೋಗ್ತಿದ್ವಿ ಅನಕೊಂಡಿದ್ದಿ? ಇದರಾಗ ಎಡಗಾಲಿಗೆ ಕೆಲಸಿಲ್ಲ. ಕ್ಲಚ್ ಹಾಕಿಸಿದ್ರ ಆಕಿ ಹೆಂಗ ಹೊಡೀಬೇಕಲೇ?"

ನನ್ನ ಬುದ್ಧಿಗೆ ನಾನೇ ನಾಚಿಕೊಂಡೆ.

ತವರಿನ ಬಾಗಿಲಿಗೆ ಕಾಕೂ ತಾನೇ ಕಾರು ತಂದು ನಿಲ್ಲಿಸಿದಳು. ಯಾರೂ ಅವಳನ್ನು ಎತ್ತಲಿಲ್ಲ. ಗೋಡೆ ಹಿಡಿದು ತೊಟ್ಟಿಲ ತನಕ ನಡೆದು, ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಹೆಂಗಸರು ಅವಳ ಕಾಲು ನೋಡಿ, ಮರುಗಿ, ಬೆನ್ನ ಮೇಲೆ ಮೆಲ್ಲಗೆ ಕೈಯಿಟ್ಟು ತೆಗೆದರು.

ಬಾಗಿಲಲ್ಲಿ ನಿಂತಿದ್ದ ಕಾಕಾ ಗುಡುಗಿದ: "ಏ, ಗಟ್ಟಿ ಗುದ್ದರೆವ್ವಾ! ಹಿಂದಿನ ಎರಡು ಕೂಸಿಂದೂ ಆಕಿಗೆ ಬರೂದೈತಿ!"

ಕಾಕೂ ಅಳುತ್ತಲೇ ನಕ್ಕು ಬೆನ್ನು ಬಗ್ಗಿಸಿದಳು. ಆವತ್ತು ಕಾಕಾನ ಮೇಲೆ ಬಂದಷ್ಟು ಪ್ರೀತಿ ನನಗೆ ಮತ್ತೆಂದೂ, ಯಾರ ಮೇಲೂ ಬಂದಿಲ್ಲ.