ಭಾವನ ಚೀಲದ ಹಾರ್ಡ್ ಡಿಸ್ಕ್

ನಮ್ಮ ಭಾವ ಕಾಲಿಟ್ಟ ಮನೆಯಲ್ಲಿ ಕಂಪ್ಯೂಟರ್ ನೆಮ್ಮದಿಯಾಗಿ ಇರುವುದಿಲ್ಲ. ಅತಿಶಯೋಕ್ತಿ ಅನ್ನಿಸಿದರೆ ನಿಮ್ಮ ಮನೆಗೂ ಕಳಿಸುತ್ತೇನೆ, ಇಟ್ಟುಕೊಳ್ಳಿ!

ಭದ್ರಾವತಿಯಲ್ಲಿರುವ ನಮ್ಮಕ್ಕನ ಗಂಡ ಇವರು. ಎಲ್ಲರ ಆಪರೇಟಿಂಗ್ ಸಿಸ್ಟಂ ಕಂಪ್ಯೂಟರಿನ ಒಳಗಿದ್ದರೆ ಇವರದು ಹೆಗಲ ಚೀಲದ ಹಾರ್ಡ್ ಡಿಸ್ಕ್‌ನಲ್ಲಿ. ಯಾವ ನೆಂಟರ ಮನೆಗೆ ಹೋದರೂ ಅದನ್ನು ಅವರ ಕಂಪ್ಯೂಟರಿಗೆ ಸಿಕ್ಕಿಸಿ, ಅದರಿಂದಲೇ ಚಾಲೂ ಮಾಡಬೇಕು. ಏಕೆಂದು ಕೇಳಿದರೆ ನಮ್ಮದೇ ನಮಗೆ ಅಭ್ಯಾಸ ಎನ್ನುತ್ತಾರೆ. ನೆಂಟರ ಮನೆಗೆ ಒಲೆ ಹೊತ್ತುಕೊಂಡು ಹೋಗುವವರುಂಟೆ?

ಒಂದು ಭಾನುವಾರ ಅಕ್ಕನ ಜೊತೆ ಶಿವಮೊಗ್ಗದ ನಮ್ಮ ಮನೆಗೆ ಬಂದರು. ಲಗ್ನಪತ್ರಿಕೆ ವಿನ್ಯಾಸ ಮಾಡುವುದು ನನ್ನ ಕಸುಬು. ಅವತ್ತು ಸಂಜೆ ಒಂದು ಮದುವೆಯ ಹೆಣ್ಣಿನ ಕಡೆಯವರು ಪತ್ರಿಕೆ ನೋಡಲು ಬರುವವರಿದ್ದರು. ನಾನು ಗಾಂಧಿ ಬಜಾರಿಗೆ ಹೋಗಿ ಬರುವಷ್ಟರಲ್ಲಿ ಭಾವ, ಕಂಪ್ಯೂಟರ್ ಚಾಲೂ ಆಗುವಾಗ ತಮ್ಮ ಡಿಸ್ಕನ್ನು ಬಿಟ್ಟು ಬೇರೇನನ್ನೂ ಹುಡುಕದಂತೆ ಮಾಡಿಟ್ಟಿದ್ದರು. ಅದೋ, ಆ ಡಿಸ್ಕನ್ನೂ ಗುರುತಿಸುತ್ತಿಲ್ಲ! ಆಪರೇಟಿಂಗ್ ಸಿಸ್ಟಂ ಇಲ್ಲ ಎಂದು ಕಪ್ಪು ಪರದೆಯ ಮೇಲೆ ಒಂದೇ ಸಾಲು.

ನನಗೆ ಮೈಯೆಲ್ಲ ಉರಿಯಿತು. ನನ್ನ ಅನ್ನದ ಯಂತ್ರವೇ ಆಗಬೇಕಿತ್ತೆ ಇವರಿಗೆ?

"ಭದ್ರಾವತೀಲಿ ಆಗುತ್ತಲ್ಲ ಮಾರಾಯ. ನಿಮ್ಮ ಶಿವಮೊಗ್ಗದ ಕರೆಂಟೇ ಸರಿಯಿಲ್ಲ" ಎಂದರು ಭಾವ, ನಿರಾಳವಾಗಿ.

ಭದ್ರಾವತಿಗೇನು ದೇವಲೋಕದಿಂದ ತಂತಿ ಎಳೆದಿದ್ದಾರೆಯೆ? ನಾನು ಹಾಗೆ ಕೇಳುವ ಮೊದಲೇ ಅವರು ಸ್ಕ್ರೂ ಬಿಚ್ಚಿ ನನ್ನ ತಿಂಡಿ ತಟ್ಟೆಗೆ ಹಾಕತೊಡಗಿದರು. ಮುಟ್ಟಬೇಡಿ ಎಂದೆ. ಮುಟ್ಟದೆ ರಿಪೇರಿ ಹೇಗೆ ಎಂದರು. ಇನ್ನೇನು ಮಾತು ಮೀರಬೇಕು, ಕುರ್ಚಿಯಲ್ಲಿದ್ದ ಅಕ್ಕ ಮೆಲ್ಲಗೆ ಹೇಳಿದಳು:

"ಮನೇಲಿ ಹಿಂದ್ಗಡೆ ಸಿಕ್ಕಿಸ್ತೀರಲ್ರೀ. ಇಲ್ಲಿ ಮುಂದ್ಗಡೆ ಹಾಕಿದೀರಾ?"

ಹಿಂದೆ ಸಿಕ್ಕಿಸಿದ್ದೇ ಡಿಸ್ಕ್ ಗುಯ್‌ಗುಟ್ಟಿತು. ಮುಂದಿನ ಕಿಂಡಿಯಲ್ಲಿ ಡಿಸ್ಕ್ ತಿರುಗುವಷ್ಟು ವಿದ್ಯುತ್ ಬರುತ್ತಿರಲಿಲ್ಲವಂತೆ. "ಕರೆಂಟು ಅಂತ ನಾನು ಹೇಳಲಿಲ್ವಾ?" ಎಂದರಲ್ಲ ಮಹಾನುಭಾವರು!

ಬೈಯಲು ಬಾಯಿ ತೆರೆದವನ ಕಣ್ಣು ಪರದೆಯ ಮೇಲೆ ಬಿತ್ತು. ಕಪ್ಪಿನ ಮೇಲೆ ಹಳದಿ ಅಕ್ಷರ, ಒಂದೊಂದೂ ಅಂಗೈಯಗಲ. ಭಾವ ಅಕ್ಕನ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದರು. ವಾರಪತ್ರಿಕೆಯ ಧಾರಾವಾಹಿಯನ್ನು ವಾರವಾರವೂ ತಾವೇ ಟೈಪ್ ಮಾಡಿ ಅವಳಿಗಾಗಿ ಡಿಸ್ಕ್‌ನಲ್ಲಿ ತುಂಬಿಟ್ಟಿದ್ದರು. ಕನ್ನಡಕ ಬದಲಾಯಿಸಬೇಕಷ್ಟೇ ಎಂದು ಅಕ್ಕ ನಮಗೆಲ್ಲ ಹೇಳಿಕೊಂಡು ಬಂದಿದ್ದಳು. ದೃಷ್ಟಿ ಇಷ್ಟು ಮಂಜಾಗಿದೆ ಎಂದು ನನಗೆ ಗೊತ್ತಾದದ್ದು ಅವತ್ತೇ. ಮೂಗು ಪರದೆಗೆ ತಾಗುವಷ್ಟು ಬಾಗಿ, ತುಟಿ ಅಲುಗಿಸುತ್ತ ಅವಳು ಓದತೊಡಗಿದಳು.

ಬಾಗಿಲಲ್ಲಿ ಹೆಣ್ಣಿನ ಕಡೆಯವರ ದನಿ ಕೇಳಿತು. ಭಾವ ಗಡಿಬಿಡಿಯಿಂದ ಡಿಸ್ಕ್‌ಗೆ ಕೈ ಹಾಕಿದರು. ಆ ಕೈ ಹಿಡಿದುಕೊಂಡೆ.

"ಇರ್ಲಿ ಭಾವ. ಅವರಿಗೆ ಕಾಫಿ ಕೊಡ್ತೀನಿ. ಅಕ್ಕ ಓದ್ಲಿ."