ತಾಳ ತಪ್ಪಿದ ಕಂಪ್ಯೂಟರು

ಸಿಟ್ಟು ಮಾಡಿಕೊಳ್ಳುವುದಕ್ಕೂ ಒಂದು ಅನುಕೂಲ ಬೇಕು. ಹಾಲಿಗೆ ನೀರು ಬೆರೆತಿದ್ದರೆ ಹಾಲಿನವನನ್ನು ಬೈಯಬಹುದು. ಅವನು ಹಸುವನ್ನು ಬೈದು ಕೈ ತೊಳೆದುಕೊಳ್ಳುತ್ತಾನೆ. ಸಿಟಿ ಬಸ್ಸು ನಿಲ್ಲಿಸದೆ ಹೋದರೆ ಡ್ರೈವರನ್ನು ಬೈಯಬಹುದು. ಅವನಿಗೆ ಕೇಳಿಸದಿದ್ದರೂ ನಮ್ಮ ಎದೆ ಹಗುರಾಗುತ್ತದೆ. ಆದರೆ ಯಾರೋ ಪುಣ್ಯಾತ್ಮರು ದೇಶದೇಶಗಳಲ್ಲಿ ಕೂತು, ಬಿಡಿಗಾಸೂ ಕೇಳದೆ, ಲೋಕೋಪಕಾರಕ್ಕೆಂದು ಬರೆದುಕೊಟ್ಟ ಸಾಫ್ಟ್‌ವೇರು ಕೈಕೊಟ್ಟರೆ ಯಾರನ್ನು ಬೈಯುವುದು? ಬೈದರೆ, ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಿದರಂತೆ ಎಂದು ಜನ ನಮ್ಮನ್ನೇ ಆಡಿಕೊಳ್ಳುತ್ತಾರೆ. ಹೀಗೆ ಹೊರಗೆ ಬರಲಾಗದೆ ನನ್ನ ಹೊಟ್ಟೆಯಲ್ಲೇ ಉಳಿದ ಸಿಟ್ಟಿಗೆ ನಮ್ಮ ಡಾಕ್ಟರು ಅಸಿಡಿಟಿ ಎಂದು ಹೆಸರಿಟ್ಟು ಮಾತ್ರೆ ಕೊಟ್ಟಿದ್ದಾರೆ.

ಬ್ರಾಡ್‌ಬ್ಯಾಂಡ್ ಎಂಬುದು ಆಗತಾನೇ ನಮ್ಮ ಸರಸ್ವತಿಪುರಂ ಬಡಾವಣೆಗೆ ಕಾಲಿಟ್ಟಿತ್ತು. ನಾನು ಪೆಂಗ್ವಿನ್ ಹಕ್ಕಿಯ ಗುರುತಿನ ಆ ಮುಕ್ತ ಸಿಸ್ಟಮ್ಮನ್ನು ಮನೆಯ ಕಂಪ್ಯೂಟರಿಗೆ ಹಾಕಿಕೊಂಡು, ಹೊಸದಾಗಿ ದೀಕ್ಷೆ ತೆಗೆದುಕೊಂಡವರ ಹಾಗೆ ಊರಿಗೆಲ್ಲ ಉಪದೇಶ ಮಾಡುತ್ತಿದ್ದೆ. ಇದಕ್ಕೆ ವೈರಸ್ ಬರುವುದಿಲ್ಲ, ಇದು ಕಳ್ಳಮಾಲಲ್ಲ, ಇದರ ಒಳಗೆ ಏನಿದೆಯೆಂದು ಯಾರು ಬೇಕಾದರೂ ತೆರೆದು ನೋಡಬಹುದು, ಇದು ತಪ್ಪೇ ಮಾಡುವುದಿಲ್ಲ. ಈ ಉಪದೇಶವನ್ನು ಅತಿ ಹೆಚ್ಚು ಕೇಳಿದವರು ಪಕ್ಕದ ಮನೆಯ ಮಹದೇವಸ್ವಾಮಿಯವರು. ಬನ್ನಿಮಂಟಪದಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ಸಾಧು ಮನುಷ್ಯ. ಅವರ ಮನೆಯ ಕಂಪ್ಯೂಟರಿನಲ್ಲಿದ್ದುದು ಯಾರೋ ನಕಲು ಮಾಡಿಕೊಟ್ಟ ಕಳ್ಳ ಸಿ.ಡಿ.ಯ ಸಿಸ್ಟಮ್ಮು. "ನಿಮ್ದು ಧರ್ಮದ ದಾರಿ ಕಣ್ರೀ ಸಾರ್, ನಮ್ದು ಹಾಡು ಕೇಳ್ಕೊಂಡಿರೋ ದಾರಿ," ಎಂದು ನಕ್ಕು ಒಳಗೆ ಹೋಗಿಬಿಡುತ್ತಿದ್ದರು. ಹೋದ ಮರುಗಳಿಗೆಗೆ ಅವರ ಮನೆಯಿಂದ ಹಾಡು ಕೇಳಿಬರುತ್ತಿತ್ತು. ನನಗೆ ಮೈ ಉರಿಯುತ್ತಿತ್ತು.

ಯಾಕೆಂದರೆ ನಮ್ಮ ಮನೆಯಲ್ಲಿ ಹಾಡು ಬರುತ್ತಿರಲಿಲ್ಲ. ಮೊದಲು ಶಬ್ದವೇ ಇರಲಿಲ್ಲ. ಆಮೇಲೆ ಎಡಗಡೆ ಸ್ಪೀಕರಿನಲ್ಲಿ ಮಾತ್ರ ಬಂತು. ಬಲಗಡೆಯದನ್ನು ಎಬ್ಬಿಸಲು ಹೋದಾಗ ಎಡಗಡೆಯದೂ ಮಲಗಿತು. ಇಂಟರ್ನೆಟ್ಟಿನಲ್ಲಿ ಈ ಸಿಸ್ಟಮ್ಮಿನ ಭಕ್ತಮಂಡಳಿಯೊಂದಿದೆ, ಪ್ರಶ್ನೆ ಕೇಳಿದರೆ ಉತ್ತರ ಹೇಳುತ್ತಾರೆ ಎಂದು ತಿಳಿದು, ವಿನಯದಿಂದ ಕೇಳಿದೆ. ಒಬ್ಬ ಮಹಾಶಯ "ಮೊದಲು ಕೈಪಿಡಿ ಓದಿ ಬನ್ನಿ" ಎಂದ. ಓದಿಕೊಂಡು ಹೋದೆ. ಇನ್ನೊಬ್ಬ "ಆ ಕೈಪಿಡಿ ಹಳೆಯದು, ಅದನ್ನು ಯಾಕೆ ಓದಿದಿರಿ?" ಎಂದು ಗದರಿದ. ನಮ್ಮ ತಂದೆ ಕೂಡ ನನ್ನನ್ನು ಹಾಗೆ ಗದರಿದವರಲ್ಲ. ಕೊನೆಗೆ ಅದೇನೋ ಕಪ್ಪು ಪರದೆಯಲ್ಲಿ ಮಂತ್ರಗಳನ್ನು ಕುಟ್ಟಿ ಕುಟ್ಟಿ ಎರಡು ಸ್ಪೀಕರನ್ನೂ ಎಬ್ಬಿಸಿದೆನೆನ್ನಿ. ಆದರೂ ಇಂಟರ್ನೆಟ್ಟಿನ ಹಾಡು ಹಾಕಿದರೆ ಪಲ್ಲವಿಯ ನಡುವೆಯೇ ನಿಂತು, ಪರದೆಯ ಮೇಲೆ ಒಂದು ಚಕ್ರ ಗರಗರ ತಿರುಗುತ್ತಿತ್ತು. ಬಫರಿಂಗ್ ಎಂದು ಅದಕ್ಕೆ ಹೆಸರು. ನಲ್ಲಿಯ ನೀರು ಸಣ್ಣಗೆ ಬರುವಾಗ ಬಿಂದಿಗೆ ತುಂಬುವವರೆಗೆ ಕಾಯುವ ಹಾಗೆ, ಹಾಡು ಒಂದಿಷ್ಟು ಶೇಖರವಾಗುವವರೆಗೆ ಕಾಯಬೇಕು. ಇಲ್ಲಿ ಬಿಂದಿಗೆಯೂ ತೂತು. "ರೀ, ಪಕ್ಕದ್ಮನೇಲಿ ಅದೇ ಹಾಡು ಆಗ್ಲೇ ಮುಗೀತು," ಎಂದು ನನ್ನ ಹೆಂಡತಿ ಸುಮ ಒಗ್ಗರಣೆ ಹಾಕುತ್ತಾ ಅಡಿಗೆಮನೆಯಿಂದ ವರದಿ ಮಾಡುತ್ತಿದ್ದಳು.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಇದರ ನಡುವೆ ನಜರ್‌ಬಾದಿನ ನನ್ನ ಸೋದರತ್ತೆ ಬಂದರು. ಜಾನಕತ್ತೆ ಒಂದು ಜೀವಮಾನ ಸಂಗೀತ ಹೇಳಿಕೊಟ್ಟವರು. ಈಗ ಮಂಡಿ ನೋವು, ಬೆರಳು ಬಗ್ಗುವುದಿಲ್ಲ, ಪಾಠ ನಿಲ್ಲಿಸಿದ್ದರು. ಅವರ ಗುರುಗಳಿಂದ ಬಂದ ಹಲಸಿನ ಮರದ ತಂಬೂರಿಯೊಂದಿತ್ತು. ಅದನ್ನು ಒಳ್ಳೆಯ ಕೈಗೆ ಒಪ್ಪಿಸಿಬಿಡಬೇಕೆಂಬುದೊಂದೇ ಅವರಿಗಿದ್ದ ಚಿಂತೆ. ಶಿಷ್ಯೆ ವಸುಧಾಳ ಮೇಲೆ ಅವರಿಗೆ ಪ್ರೀತಿ. ಆದರೆ ಆ ಹುಡುಗಿ ಮದ್ರಾಸಿಗೆ ಹೋಗಿ ಬೇರೆ ಗುರುಗಳ ಹತ್ತಿರ ಸೇರಿದ ಮೇಲೆ ಕೆಟ್ಟಿದ್ದಾಳೋ ಬೆಳೆದಿದ್ದಾಳೋ ಎಂಬ ಅನುಮಾನ. ಇನ್ನೊಂದು ಕಡೆ ಅತ್ತೆಯ ಮೈದುನನ ಮಗ ತಂಬೂರಿಯ ಮೇಲೆ ಕಣ್ಣಿಟ್ಟಿದ್ದ. ಹೊಸ ಮನೆಯ ಹಾಲಿನಲ್ಲಿ ಸೋಫಾದ ಪಕ್ಕ ನಿಲ್ಲಿಸಿ, ಅದರ ಮೇಲೆ ದೀಪದ ಬೆಳಕು ಬಿಟ್ಟರೆ ಬಲು ಚೆನ್ನಾಗಿರುತ್ತದೆ ಎಂದು ಅವನೇ ಬಾಯಿಬಿಟ್ಟು ಹೇಳಿದ್ದ.

"ಭಾನುವಾರ ಸಾಯಂಕಾಲ ಅವಳ ಕಚೇರಿ ಅಂತೆ ಕಣೋ. ಕಂಪ್ಯೂಟರಿನಲ್ಲಿ ಅಲ್ಲಿಂದ್ಲೇ ನೇರವಾಗಿ ಬರತ್ತಂತೆ. ನಾನು ಕೇಳ್ಬೇಕು. ಕೇಳಿ ತೀರ್ಮಾನ ಮಾಡ್ತೀನಿ," ಎಂದರು ಅತ್ತೆ.

ಮಹದೇವಸ್ವಾಮಿಯವರ ಮನೆಯಲ್ಲಿ ಕೂತು ಕೇಳಿ ಎಂದು ಸುಮ ಸೂಚಿಸಿದಳು. ಅದು ವಿವೇಕದ ಮಾತು. ನಾನು ಕೆರಳಿ ಕೆಂಡವಾದೆ. ಕಳ್ಳಮಾಲಿನ ಕಂಪ್ಯೂಟರಿನಲ್ಲಿ ಸಂಗೀತ ಕೇಳುವ ಗತಿ ನಮ್ಮತ್ತೆಗೆ ಬಂದಿಲ್ಲವೆಂದೂ, ನನ್ನದು ತಪ್ಪೇ ಮಾಡುವುದಿಲ್ಲವೆಂದೂ ಅತ್ತೆಯ ಎದುರಿನಲ್ಲೇ ಸಾರಿಬಿಟ್ಟೆ.

ಭಾನುವಾರ ಅತ್ತೆ ಆಟೋದಲ್ಲಿ ಬಂದರು, ಸೊಂಟದ ಹಿಂದೆ ದಿಂಬು ಇಟ್ಟುಕೊಂಡು ಕುರ್ಚಿಯಲ್ಲಿ ಕೂತರು, ಬಲಗೈಯನ್ನು ತೊಡೆಯ ಮೇಲಿಟ್ಟರು. ಕಚೇರಿ ಶುರುವಾಯಿತು. ಅತ್ತೆಯ ಕೈ ತಾಳ ಹಾಕತೊಡಗಿತು. ಇಲ್ಲಿ ಒಂದು ಮಾತು ಹೇಳಬೇಕು. ಅತ್ತೆಯ ಪಾಠದಲ್ಲಿ ಕರೆಂಟು ಹೋದರೂ, ಪೋಸ್ಟಿನವನು ಬಾಗಿಲು ಬಡಿದರೂ, ಹಾಡುವ ಹುಡುಗಿಗೆ ಕೆಮ್ಮು ಬಂದರೂ ತಾಳ ನಿಲ್ಲುವ ಹಾಗಿರಲಿಲ್ಲ. "ಹಾಡು ನಿಲ್ಲಬಹುದು, ತಾಳ ಯಾರಿಗೂ ಕಾಯಲ್ಲ" ಎಂಬುದು ಅವರ ಮನೆಯ ಕಾನೂನು. ನನ್ನ ಕಂಪ್ಯೂಟರಿಗೆ ಈ ಕಾನೂನು ಗೊತ್ತಿರಲಿಲ್ಲ. ವಸುಧಾಳ ಹಾಡು ತಟಕ್ಕನೆ ನಿಂತಿತು, ಚಕ್ರ ತಿರುಗಿತು. ಅತ್ತೆ ಅದನ್ನು ಹಾಡುಗಾತಿ ಕೊಟ್ಟ ವಿರಾಮವೆಂದು ತಿಳಿದು ತಾಳ ಹಾಕುತ್ತಲೇ ಇದ್ದರು. ಕಂಪ್ಯೂಟರು ಬಿಟ್ಟ ಜಾಗದಿಂದಲೇ ಮತ್ತೆ ಶುರುಮಾಡಿತು; ಅಷ್ಟರಲ್ಲಿ ಅತ್ತೆಯ ಕೈ ಎಲ್ಲೋ ಮುಂದಕ್ಕೆ ಹೋಗಿತ್ತು. ಅತ್ತೆ ಹುಬ್ಬು ಗಂಟಿಕ್ಕಿದರು. ಪಳಗಿದ ಕೈ, ಹೇಗೋ ಸೇರಿಕೊಂಡಿತು. ಮತ್ತೆ ನಿಂತಿತು. ಮತ್ತೆ ಗಂಟು. ನಾನು ಮೇಜಿನ ಕೆಳಗೆ ತೂರಿ ವೈರುಗಳನ್ನು ಒತ್ತಿದೆ, ಮೇಲೆದ್ದು ಕಪ್ಪು ಪರದೆಗೆ ಮಂತ್ರ ಕುಟ್ಟಿದೆ, ಆ ಸಾಫ್ಟ್‌ವೇರು ಬರೆದವರ ವಂಶವನ್ನೆಲ್ಲ ಮನಸ್ಸಿನಲ್ಲೇ ಜಾಲಾಡಿದೆ. ನಾನು ಹಾಗೆ ಮೇಜಿನ ಕೆಳಗಿದ್ದಾಗಲೇ, ಪಲ್ಲವಿಯ ಹೊತ್ತಿನಲ್ಲಿ, ಅತ್ತೆ ತೊಡೆಯ ಮೇಲೆ ಪಟ್ಟೆಂದು ಹೊಡೆದು ಕೈ ಎತ್ತಿಬಿಟ್ಟರು.

"ಮುಗೀತು. ನಿಲ್ಸು ಅದನ್ನ."

"ಯಾಕತ್ತೆ?"

"ಪಲ್ಲವೀಲಿ ಜಾರಿಬುಟ್ಳು. ತಾಳದಲ್ಲಿ ಎತ್ತಿಕೊಳ್ಳೋ ಜಾಗಾನೇ ಮರೆತಿದ್ದಾಳೆ. ನನ್ನ ಹತ್ತಿರ ಅಷ್ಟು ವರ್ಷ ಕಲಿತು ಹೀಗೆ ಹಾಡ್ತಾಳಲ್ಲ! ತಂಬೂರಿ ಸೋಫಾ ಪಕ್ಕಾನೇ ಇರ್ಲಿ. ಅಲ್ಲಿ ತಾಳ ತಪ್ಪೋರು ಯಾರೂ ಇರಲ್ಲ."

ನನಗೆ ಅಳುವ ಹಾಗಾಯಿತು. "ಅಯ್ಯೋ, ತಪ್ಪಿದ್ದು ಅವಳಲ್ಲ ಅತ್ತೆ, ಈ ಹಾಳು ಕಂಪ್ಯೂಟರು!" ಎಂದೆ. ಬಫರಿಂಗಿನ ವಿಷಯ, ನಲ್ಲಿಯ ವಿಷಯ, ಬಿಂದಿಗೆಯ ವಿಷಯ ಎಲ್ಲ ಹೇಳಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡು, "ಮೊನ್ನೆ ನೀನೇ ತಾನೆ ಹೇಳಿದ್ದು, ನಂದು ತಪ್ಪೇ ಮಾಡಲ್ಲ ಅಂತ? ಈಗ ಆ ಹುಡುಗೀನ ಉಳಿಸೋಕೆ ಬಾಯಿಲ್ಲದ ಯಂತ್ರದ ಮೇಲೆ ಹಾಕ್ತೀಯಾ?" ಎಂದರು. ನನ್ನ ಉಪದೇಶ ಇಡೀ ಊರಿನಲ್ಲಿ ಯಾರಿಗೂ ನಾಟಿರಲಿಲ್ಲ. ನಾಟಬಾರದ ಒಬ್ಬರಿಗೆ ನಾಟಿತ್ತು.

ಕಚೇರಿ ಏರ್ಪಡಿಸಿದ್ದ ಸಂಗೀತ ಸಭೆಯವರು ಎರಡು ದಿನ ಬಿಟ್ಟು ಅದರ ಧ್ವನಿಮುದ್ರಣವನ್ನು ತಮ್ಮ ಜಾಲತಾಣದಲ್ಲಿ ಹಾಕಿದರು. ನಾನು ಮಾನ ಮರ್ಯಾದೆ ಬದಿಗಿಟ್ಟು ಮಹದೇವಸ್ವಾಮಿಯವರ ಬಾಗಿಲಲ್ಲಿ ನಿಂತೆ. ಅವರು ಒಂದು ಮಾತೂ ಚುಚ್ಚಲಿಲ್ಲ. ಚುಚ್ಚಿದ್ದರೆ ತಿರುಗಿಸಿ ಬೈಯಬಹುದಿತ್ತು. "ಬನ್ನಿ ಅಮ್ಮಾ, ಕೂತ್ಕೊಳ್ಳಿ," ಎಂದು ಅತ್ತೆಗೆ ಮೆತ್ತನೆಯ ಕುರ್ಚಿ ಹಾಕಿ, ಕಾಫಿ ತರಿಸಿ, ಅದೇನನ್ನೋ ಒತ್ತಿದರು. ಆ ಕಳ್ಳಮಾಲು ಕಚೇರಿಯನ್ನು ಮೊದಲಿನಿಂದ ಮಂಗಳದವರೆಗೆ ಒಂದೂ ತೊಡಕಿಲ್ಲದೆ ಹಾಡಿ ಮುಗಿಸಿತು. ಪಲ್ಲವಿಯೂ ಅಚ್ಚುಕಟ್ಟಾಗಿ ಬಂತು. ಅತ್ತೆಯ ಕೈ ಮತ್ತು ವಸುಧಾಳ ಹಾಡು ಕೂಡಿದವು. ಅತ್ತೆ ಕಣ್ಣೊರೆಸಿಕೊಂಡು, "ನಿನ್ನ ಕಂಪ್ಯೂಟರಿಗೆ ಬೆಂಕಿ ಹಾಕ! ಬಂಗಾರದಂಥ ಹುಡುಗೀನ ಸುಮ್ಸುಮ್ನೆ ಬೈದ್ಬುಟ್ಟೆ," ಎಂದು ನನ್ನನ್ನು ಬೈದರು. ನಾನು ತಲೆ ಬಗ್ಗಿಸಿ ಒಪ್ಪಿಕೊಂಡೆ. ಆ ಸಿಟ್ಟಿನಲ್ಲೇ ಮನೆಗೆ ಬಂದು ಭಕ್ತಮಂಡಳಿಗೆ ಒಂದು ದೂರು ಬರೆದೆ. ವಸುಧಾಳ ಹೆಸರು, ಕಚೇರಿ, ಪಲ್ಲವಿ ಎಲ್ಲ ನಮೂದಿಸಿ, ನಿಮ್ಮ ಸಾಫ್ಟ್‌ವೇರಿನಿಂದ ಒಬ್ಬ ಕಲಾವಿದೆಯ ಬದುಕೇ ಹಾಳಾಗುತ್ತಿತ್ತು ಎಂದು ಕುಟ್ಟಿ ಕಳಿಸಿದಾಗ ಎದೆ ಸ್ವಲ್ಪ ತಣ್ಣಗಾಯಿತು.

ಮುಂದಿನ ವಾರ ವಸುಧಾ ನಜರ್‌ಬಾದಿಗೆ ಬಂದಳು. ಅತ್ತೆ ತಂಬೂರಿಗೆ ಅರಿಸಿನ ಕುಂಕುಮ ಹಚ್ಚಿ ಅವಳ ಮಡಿಲಿಗಿಟ್ಟರು. ಅತ್ತೆ ಕಾಫಿ ಬೆರೆಸಲು ಒಳಗೆ ಹೋದಾಗ ಆ ಹುಡುಗಿ ನನ್ನ ಕಡೆ ಬಾಗಿ, "ಅಣ್ಣಾ, ಒಂದು ಮಾತು. ಅವತ್ತು ಪಲ್ಲವೀಲಿ ನಾನು ನಿಜವಾಗ್ಲೂ ಜಾರಿದೆ. ಮೃದಂಗದೋರು ಹೇಗೋ ಮುಚ್ಚಿಹಾಕಿದ್ರು. ಆಮೇಲೆ ಸಭೆಯೋರಿಗೆ ಹೇಳಿ ರೆಕಾರ್ಡಿಂಗಿನಿಂದ ಅಷ್ಟನ್ನೂ ತೆಗೆಸಿದೆ. ಟೀಚರ್‌ಗೆ ಹೇಳಿಬಿಡ್ತೀನಿ, ಇಲ್ದಿದ್ರೆ ಈ ತಂಬೂರಿ ಮುಟ್ಟೋಕೆ ಕೈ ಬರಲ್ಲ," ಎಂದಳು.

ನನ್ನ ರಕ್ತ ಕುದಿಯಿತು. ಎಲ್ಲ ತಪ್ಪನ್ನೂ ಮಾಡಿದ ನನ್ನ ಕಂಪ್ಯೂಟರು ಆ ಒಂದು ತಪ್ಪನ್ನು ಮಾತ್ರ ಮಾಡಿರಲಿಲ್ಲ! ಅತ್ತೆಯ ಕಿವಿ ಸರಿ, ನನ್ನ ಪೆಂಗ್ವಿನ್ ಸರಿ, ಮಹದೇವಸ್ವಾಮಿಯವರ ಕಳ್ಳಮಾಲು ಹಾಡಿದ್ದೇ ತೇಪೆ ಹಾಕಿದ ಹಾಡು. ಇದನ್ನು ಬೀದಿಯಲ್ಲಿ ನಿಂತು ಕೂಗಿ ಹೇಳಬೇಕೆನಿಸಿತು. ಆದರೆ ಕೂಗಿದರೆ ತಂಬೂರಿ ಸೋಫಾದ ಪಕ್ಕಕ್ಕೆ ಹೋಗುತ್ತದೆ. "ಸುಮ್ನಿರಮ್ಮ. ಜಾರಿದೋಳು ಎದ್ದು ಹಾಡಿದೆಯಲ್ಲ, ಅಷ್ಟು ಸಾಕು," ಎಂದು ಹಲ್ಲು ಕಚ್ಚಿಕೊಂಡು ಹೇಳಿದೆ. ಅತ್ತೆ ಕಾಫಿ ತಂದು, "ಇವನ ಮನೆ ಕಂಪ್ಯೂಟರಿಗೆ ತಾಳಜ್ಞಾನ ಇಲ್ಲ ಕಣೇ," ಎಂದು ಅವಳಿಗೆ ಕತೆ ಶುರುಮಾಡಿದರು. ನಾನು ಹೂಂಗುಟ್ಟಿದೆ.

ಮನೆಗೆ ಬಂದರೆ ದೂರಿಗೆ ಉತ್ತರ ಬಂದಿತ್ತು. ಯಾವುದೋ ದೇಶದ ಸಜ್ಜನ. ನಾನು ಹೇಳಿದ್ದನ್ನೆಲ್ಲ ಪರೀಕ್ಷೆ ಮಾಡಿದನಂತೆ. ಹಾಡು ನಿಲ್ಲುವುದು ನಿಜ, ಆದರೆ ನಿಂತ ಜಾಗದಿಂದಲೇ ಮುಂದುವರಿಯುತ್ತದೆ, ಒಂದು ಸ್ವರವೂ ಕಳೆದುಹೋಗುವುದಿಲ್ಲ. "ದಯವಿಟ್ಟು ತಪ್ಪು ತಿಳಿಯಬೇಡಿ, ಹಾಡುವವರೇ ತಪ್ಪಿರಬಹುದೇ?" ಎಂದು ಬಹಳ ಮರ್ಯಾದೆಯಿಂದ ಕೇಳಿದ್ದ. ಹೌದಪ್ಪ ಎಂದು ಬರೆಯಲು ಕೈ ಎತ್ತಿದೆ. ಆಗ ನೆನಪಾಯಿತು, ಇದು ಮುಕ್ತ ಲೋಕ. ಇಲ್ಲಿ ಬರೆದದ್ದನ್ನು ಯಾರು ಬೇಕಾದರೂ ತೆರೆದು ನೋಡಬಹುದು, ಅತ್ತೆಯ ಮೈದುನನ ಮಗ ಕೂಡ. ವಸುಧಾಳ ಹೆಸರನ್ನು ಬೇರೆ ನಾನೇ ನಮೂದಿಸಿದ್ದೆ. ಸಿಟ್ಟನ್ನು ನುಂಗಿಕೊಂಡು, "ಹಾಡಿದವರ ತಪ್ಪು ಎಳ್ಳಷ್ಟೂ ಇಲ್ಲ, ತಪ್ಪೆಲ್ಲ ನಿಮ್ಮ ಸಾಫ್ಟ್‌ವೇರಿನದೇ," ಎಂದು ಬರೆದು ಕಳಿಸಿದೆ.

ಮರುದಿನವೇ ಉತ್ತರ ಬಂತು. "ನಮಗಂತೂ ತಪ್ಪು ಸಿಗುತ್ತಿಲ್ಲ. ನಿಮಗೆ ಅಷ್ಟು ಖಚಿತವಾಗಿ ಗೊತ್ತಿರುವುದರಿಂದ, ಸಾಫ್ಟ್‌ವೇರು ತೆರೆದೇ ಇದೆ, ದಯವಿಟ್ಟು ನೀವೇ ಅದನ್ನು ಹುಡುಕಿ ಸರಿಪಡಿಸಿ ಕಳಿಸಿಕೊಡಿ. ಎಲ್ಲರೂ ಕಾಯುತ್ತಿದ್ದೇವೆ."